ಡೀಸೆಲ್ ತುಂಬೈತೆ

"ಪ್ರತಿಯೊಂದು ಅಪಾಯಕ್ಕೂ ಒಬ್ಬ ಮಾಲೀಕರು ಇರಬೇಕು" ಎಂದರು ಹಾಲು ಒಕ್ಕೂಟದ ತ್ರಿವೇಣಿ ಮೇಡಂ.

ಸಭಾಂಗಣದಲ್ಲಿ ಕೂತಿದ್ದವರೆಲ್ಲ ಪಕ್ಕದವರ ಮುಖ ನೋಡಿದೆವು. ಹೊಲಕ್ಕೆ ಮಾಲೀಕನಿದ್ದಾನೆ, ಹಸುವಿಗಿದ್ದಾನೆ. ಅಪಾಯವನ್ನು ನನ್ನದು ಎಂದು ಹೇಳಿಕೊಳ್ಳುವವರು ಯಾರು? ಹಿಂದಿನ ಸಾಲಿನಿಂದ ಯಾರೋ, "ಮೇಡಂ, ನಮ್ಮೂರಲ್ಲಿ ಅಪಾಯ ಅಂದ್ರೆ ಅಧ್ಯಕ್ಷ್ರೇ. ಮಾಲೀಕ್ರು ಬೇಕಾದ್ರೆ ಅವ್ರ ಎಂಡ್ತಿ ಅಂತ ಬರ್ಕೊಳಿ" ಎಂದ. ನಗು ಎದ್ದಿತು. ಮೇಡಂ ಕೂಡ ನಕ್ಕು, ಮತ್ತೆ ಗೋಡೆಯ ಮೇಲಿನ ಚಿತ್ರಕ್ಕೆ ತಿರುಗಿದರು.

ಬಂಗಾರಪೇಟೆ, ಕೆಜಿಎಫ್ ಎರಡೂ ಕಡೆಯ ಹಾಲಿನ ಸಂಘಗಳ ಕಾರ್ಯದರ್ಶಿಗಳನ್ನು ಒಕ್ಕೂಟದವರು ಆ ಶುಕ್ರವಾರ ಬಂಗಾರಪೇಟೆಗೆ ಕರೆಸಿದ್ದರು. ನಾನು ಎರ್ರಗುಟ್ಟಹಳ್ಳಿಯ ಸಂಘದವನು. ಕ್ಯಾಸಂಬಳ್ಳಿಯಿಂದ ಒಳಗೆ ಹೋದರೆ ಸಿಗುವ ಊರು. ಇನ್ನು ಮುಂದೆ ಪ್ರತಿ ಸಂಘವೂ ರಿಸ್ಕ್ ಮ್ಯಾನೇಜ್‌ಮೆಂಟ್ ವ್ಯವಸ್ಥೆ ಅಳವಡಿಸಿಕೊಳ್ಳಬೇಕು ಎಂಬುದು ಅಂದಿನ ವಿಷಯ. ಏನೇನು ಕೆಡುಕಾಗಬಹುದು ಎಂದು ಮೊದಲೇ ಹೇಳಿಕೊಳ್ಳುವುದು. ಅದು ಆಗದಂತೆ ಏನು ಮಾಡುತ್ತೇವೆ, ಆಗಿಯೇ ಬಿಟ್ಟರೆ ಯಾರು ಯಾರಿಗೆ ತಿಳಿಸುತ್ತಾರೆ ಎಂದು ಗೊತ್ತುಮಾಡಿಕೊಳ್ಳುವುದು. ಅಷ್ಟು ನನಗೆ ತಿಳಿಯಿತು. ಯಾಕೆ ಎಂಬುದು ತಿಳಿಯಲಿಲ್ಲ.

ಊಟದ ಹೊತ್ತಿಗೆ ಎಡಗಡೆಯವನನ್ನು ಕೇಳಿದೆ. "ಬ್ಯಾಂಕ್‌ನೋರು ಕೇಳ್ತವ್ರಂತೆ. ಇದಿದ್ರೇನೇ ಸಾಲ" ಎಂದ. ಬಲಗಡೆಯವನು, "ಬ್ಯಾಂಕೂ ಇಲ್ಲ ಗೀಂಕೂ ಇಲ್ಲ, ಇನ್ಶೂರೆನ್ಸ್‌ನೋರು" ಎಂದ. ಅನ್ನ ಬಡಿಸುತ್ತಿದ್ದವನು ಯಾರೂ ಕೇಳದಿದ್ದರೂ, "ಪಕ್ಕದ ಜಿಲ್ಲೇಲಿ ಮಾಡವ್ರೆ, ಅದಕ್ಕೆ" ಎಂದು ಹೇಳಿ ಸಾರಿನ ಬಕೆಟ್ಟು ಎತ್ತಿಕೊಂಡು ಹೋದ. ಕೈ ತೊಳೆಯುವಾಗ ತ್ರಿವೇಣಿ ಮೇಡಂ ಪಕ್ಕದಲ್ಲೇ ಸಿಕ್ಕರು. ಅವರನ್ನೇ ಕೇಳಿಬಿಟ್ಟೆ.

"ಮೇಡಂ, ಇದನ್ನ ಯಾಕೆ ತರ್ತಾ ಇರೋದು?"

ಅವರು ಕೈ ಒರೆಸಿಕೊಂಡರು. "ಒಳ್ಳೇದಕ್ಕೇ ಅಲ್ವಾ ಮುನೀಂದ್ರ ಅವರೇ" ಎಂದರು. ಆಮೇಲೆ ದನಿ ತಗ್ಗಿಸಿ, "ಮೇಲಿಂದ ಬಂದಿದೆ" ಎಂದರು.

ನಮ್ಮ ತಾತ ಬೆಳಗಿನ ಜಾವ ತೆಲುಗು ಪದ್ಯಗಳನ್ನು ರಾಗವಾಗಿ ಹೇಳಿಕೊಳ್ಳುತ್ತಿದ್ದ. ನಾನು ಕಂಬಳಿಯೊಳಗಿಂದ ಕೇಳುತ್ತಿದ್ದೆ. ಅರ್ಥವಾದದ್ದು ಕಡಿಮೆ, ಕಿವಿಯಲ್ಲಿ ಉಳಿದದ್ದು ಹೆಚ್ಚು. ಅಂದು ಮಧ್ಯಾಹ್ನವೂ ಹಾಗೇ ಕೈಕಟ್ಟಿ ಕೂತು ಕೇಳಿದೆ. ಪತ್ತೆ ಹಚ್ಚುವುದು, ಅಳೆಯುವುದು, ತಗ್ಗಿಸುವುದು, ತಿಳಿಸುವುದು. ಚರಣಗಳಂತೆ ಒಂದರ ಹಿಂದೆ ಒಂದು ಬಂದವು, ಹೋದವು. ಫೋನ್ ಆಫ್ ಮಾಡಿಡಲು ಹೇಳಿದ್ದರು. ಮಾಡಿಟ್ಟಿದ್ದೆ.

ಸಂಜೆ ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ಫೋನ್ ಆನ್ ಮಾಡಿದೆ. ಅದು ಕೈಯಲ್ಲೇ ನಡುಗಲು ಶುರುಮಾಡಿತು. ಎಲ್ಲವೂ ಪಾಪಕ್ಕ ಮಾಡಿದ್ದ ಕರೆಗಳ ಮೆಸೇಜುಗಳು.

* * *

ಪಾಪಕ್ಕ ನಮ್ಮ ಸಂಘದ ಕೂಲರ್ ಕೋಣೆ ನೋಡಿಕೊಳ್ಳುವವಳು. ಊರಿನ ಹಾಲೆಲ್ಲ ಅಲ್ಲಿನ ದೊಡ್ಡ ಸ್ಟೀಲ್ ತೊಟ್ಟಿಯಲ್ಲಿ ತಣ್ಣಗಾಗುತ್ತದೆ. ಮಧ್ಯಾಹ್ನ ಟ್ಯಾಂಕರ್ ಬಂದು ಒಯ್ಯುತ್ತದೆ. ಕರೆಂಟು ಹೋದರೆ ಜನರೇಟರ್, ಜನರೇಟರಿಗೆ ಡೀಸೆಲ್. ಆ ಕೋಣೆಯ ಬೀಗದ ಕೈ ಪಾಪಕ್ಕನ ಸೊಂಟದಲ್ಲೇ ಇರುತ್ತದೆ. ಗಂಡ ಹೋದ ಮೇಲೆ ಅವಳ ಬದುಕೆಲ್ಲ ಆ ಕೋಣೆಯೇ. ಬಾಗಿಲು ತೆರೆಯುವ ಮುಂಚೆ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ತೊಟ್ಟಿಯ ಮೇಲಿನ ಗೋಡೆಗೆ ದೇವರ ಪಟ ಹಾಕಿದ್ದಾಳೆ.

ನಾನು ಹೋದಾಗ ಸಂಘದ ಹಿಂದಿನ ಕಾಲುವೆ ಬೆಳ್ಳಗೆ ಹರಿಯುತ್ತಿತ್ತು. ಹುಳಿ ವಾಸನೆ ದಾರಿಯಲ್ಲೇ ಮೂಗಿಗೆ ಬಡಿದಿತ್ತು. ಬೆಳಗಿನಿಂದ ಕರೆಂಟಿಲ್ಲ. ಜನರೇಟರ್ ಸ್ವಲ್ಪ ಹೊತ್ತು ಓಡಿ ನಿಂತಿದೆ. ಟ್ಯಾಂಕರಿನವನು ಮೂಸಿ ನೋಡಿ, ತಲೆಯಾಡಿಸಿ, ಖಾಲಿ ಗಾಡಿ ತಿರುಗಿಸಿಕೊಂಡು ಹೋಗಿದ್ದಾನೆ. ಊರಿನವರ ಬೆಳಗಿನ ಹಾಲೆಲ್ಲ ಕಾಲುವೆಯಲ್ಲಿತ್ತು.

ಅಂಗಳದಲ್ಲಿ ಜನ ಸೇರಿದ್ದರು. ಅಧ್ಯಕ್ಷ ಅಶ್ವತ್ಥಪ್ಪನವರು ಸಿಮೆಂಟು ಕಟ್ಟೆಯ ಮೇಲೆ ಕೂತು, ಡೀಸೆಲ್ ತರುವ ಕುಪ್ಪುಸ್ವಾಮಿಯನ್ನು ನಿಲ್ಲಿಸಿಕೊಂಡು ವಿಚಾರಣೆ ನಡೆಸುತ್ತಿದ್ದರು. ಕುಪ್ಪುಸ್ವಾಮಿ ರಾಬರ್ಟ್‌ಸನ್‌ಪೇಟೆಯವನು, ಲಗೇಜ್ ಆಟೋ ಓಡಿಸುತ್ತಾನೆ. ಮನೆ ಮಾತು ತಮಿಳು. ಬಂಕಿನಿಂದ ನಮಗೆ ಡೀಸೆಲ್ ತಂದುಕೊಡುವವನು ಅವನೇ.

"ನಾನೇನ್ ಮಾಡ್ಲಿ ಸಾರ್? ಅಕ್ಕ ಬೆಳಿಗ್ಗೇನೇ ಫೋನ್ ಮಾಡ್ತು. ಡೀಸೆಲ್ ತುಂಬೈತೆ ಕಣಪ್ಪ ಅಂತು. ತುಂಬೈತಾ ಅಂದೆ. ಊಂ ತುಂಬೈತೆ ಅಂತು. ಸರಿಯಕ್ಕಾ ಅಂದೆ. ತುಂಬಿರೋದಕ್ಕೆ ಎಲ್ಲಿ ಸಾರ್ ಇನ್ನೂ ಉಯ್ಯೋದು? ಆಂಡರ್ಸನ್‌ಪೇಟೆಗೆ ಸಿಮೆಂಟ್ ಲೋಡ್ ಹೊಡ್ಕೊಂಡು ಓದೆ."

"ಏನಮ್ಮಾ ಪಾಪಕ್ಕಾ, ಅಂಗಂದ್ಯಾ?"

ಪಾಪಕ್ಕ ಬಾಗಿಲಿನ ಪಕ್ಕ ನೆಲ ನೋಡುತ್ತ ನಿಂತಿದ್ದಳು. "ಅಂದೆ."

"ಕ್ಯಾನಲ್ಲಿ ಡೀಸೆಲ್ ಇತ್ತಾ?"

"ಇನ್ನೇನು ತುಂಬಿತ್ತು. ಅದಕ್ಕೇ ಅಂದೆ."

ಅಶ್ವತ್ಥಪ್ಪನವರು ತಲೆಯ ಮೇಲೆ ಕೈ ಹೊತ್ತರು. ಕುಪ್ಪುಸ್ವಾಮಿ ನನ್ನ ಕಡೆ ತಿರುಗಿ, "ಎನ್ನ ಸಾರ್ ಇದು? ಇತ್ತಾ, ಇಲ್ವಾ?" ಎಂದ.

ನನಗೆ ಆಗಲೇ ಅರ್ಥವಾಗಿತ್ತು. ನಮ್ಮ ಕಡೆ ಹಳೆಯ ಹೆಂಗಸರು ಕೆಟ್ಟದ್ದನ್ನು ಬಾಯಲ್ಲಿ ಆಡುವುದಿಲ್ಲ. ದೀಪ ಆರಿತು ಎನ್ನರು, ದೊಡ್ಡದಾಯಿತು ಎನ್ನುತ್ತಾರೆ. ಬಳೆ ಒಡೆಯಿತು ಎನ್ನರು, ಹೆಚ್ಚಿತು ಎನ್ನುತ್ತಾರೆ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ಅಕ್ಕಿ ತುಂಬಿತು. ಆಕಾಶದಲ್ಲಿ ಅಸ್ತು ದೇವತೆಗಳು ಸುಳಿದಾಡುತ್ತಿರುತ್ತಾರೆ, ಮನುಷ್ಯರ ಬಾಯಿಂದ ಏನು ಬಂದರೂ 'ಅಸ್ತು' ಎಂದುಬಿಡುತ್ತಾರೆ ಎಂದು ಭಯ. ಪಾಪಕ್ಕ ಬೇರೆ ದಿನ ನನಗೆ ಫೋನ್ ಮಾಡುತ್ತಿದ್ದಳು. ನಮ್ಮಮ್ಮನೂ ಹಾಗೇ ಮಾತಾಡುತ್ತಿದ್ದವಳಾದ್ದರಿಂದ ನನಗೆ ತುಂಬಿತು ಎಂದರೆ ಏನೆಂದು ಗೊತ್ತು. ನಾನು ಕುಪ್ಪುಸ್ವಾಮಿಗೆ ಹೇಳುತ್ತಿದ್ದೆ. ಆವತ್ತು ನಾನು ಬಂಗಾರಪೇಟೆಯಲ್ಲಿ ಕೂತು ಅಪಾಯಗಳ ಬಗ್ಗೆ ಕೇಳುತ್ತಿದ್ದೆ.

ಇದನ್ನು ವಿವರಿಸಿದಾಗ ಕುಪ್ಪುಸ್ವಾಮಿ, "ಹಾಗಾದ್ರೆ ನಿಜವಾಗ್ಲೂ ತುಂಬಿದ್ರೆ ಏನಂತೀರಾ?" ಎಂದ. ಅದನ್ನು ಯಾರೂ ಯೋಚಿಸಿರಲಿಲ್ಲ.

ಅಶ್ವತ್ಥಪ್ಪನವರು ಎದ್ದು ಪಂಚೆ ಕೊಡವಿಕೊಂಡರು. "ಲೇ ಮುನೀಂದ್ರ, ಅದೇನೋ ರಿಸ್ಕು ಅಂತ ಓಗಿದ್ಯಲ್ಲ, ಅದನ್ನ ನಮ್ಮ ಸಂಘಕ್ಕೂ ತತ್ತಾ. ಈಗ್ಲೇ ತತ್ತಾ. ಮಂಗಳವಾರ ಆ ಮೇಡಮ್ಮನ್ನೂ ಕರೆಸು. ಡೀಸೆಲ್ ಇಲ್ಲ ಅಂದ್ರೆ ಇಲ್ಲ ಅಂತ ಬಾಯಿ ಬಿಟ್ಟು ಏಳ್ಬೇಕು. ಮೇಡಂ ಮುಂದೆ ಈಯಮ್ಮ ಅದನ್ನ ಏಳಿದ್ರೆ ಬೀಗದ ಕೈ ಇರ್ಲಿ. ಇಲ್ದಿದ್ರೆ ನಮ್ಮ ತಮ್ಮನ ಸೊಸೆ ಲಿಖಿತ ಅವ್ಳೆ, ಪಿಯುಸಿ ಓದವ್ಳೆ. ಅವಳಿಗೆ ಯಾವ ದೇವತೆ ಭಯಾನೂ ಇಲ್ಲ."

ಪಾಪಕ್ಕನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

* * *

ವ್ಯವಸ್ಥೆ ತರುವುದೆಂದರೆ ಮೊದಲು ಅಪಾಯಗಳನ್ನು ಪತ್ತೆ ಹಚ್ಚಬೇಕು. ಭಾನುವಾರ ಹಾಲು ಅಳೆದಾದ ಮೇಲೆ ಪಾಪಕ್ಕನ ಎದುರು ಕೂತೆ. ಅವಳು ತೊಟ್ಟಿಯ ಮುಚ್ಚಳ ಒರೆಸುತ್ತಿದ್ದಳು.

"ಪಾಪಕ್ಕ, ಇಲ್ಲಿ ಏನೇನು ಕೆಡಬಹುದು, ಒಂದೊಂದಾಗಿ ಹೇಳು."

"ಬಿಡ್ತು ಅನ್ನು!"

"ಬಿಡ್ತು" ಎಂದೆ. "ಆದ್ರೂ ಹೇಳ್ಬೇಕಲ್ಲ. ಮೋಟಾರು ಸುಟ್ಟೋದ್ರೆ?"

"ಬಿಡ್ತು ಅನ್ನು ಮುನೀಂದ್ರಪ್ಪ."

"ಬಿಡ್ತು. ಹಾಲಿಗೆ ಏನಾದ್ರೂ ಬಿದ್ರೆ?"

"ಬಿಡ್ತು ಅನ್ನೋ! ಪಟದ ಮುಂದೆ ಕೂತ್ಕೊಂಡು ಎಂಥ ಮಾತಾಡ್ತೀಯ!"

ಬಿಡ್ತು, ಬಿಡ್ತು, ಬಿಡ್ತು. ನಾನು ಹೇಳುತ್ತಲೇ ಹೋದೆ. ಹೇಳುತ್ತ ಹೇಳುತ್ತ ತಲೆ ಕೆಟ್ಟಿತು. ಬಂಗಾರಪೇಟೆಯಲ್ಲಿ ಪ್ರತಿ ಅಪಾಯದ ಎದುರೂ 'ತಗ್ಗಿಸುವ ಕ್ರಮ' ಎಂದು ಒಂದಿತ್ತು. ಇದೂ ಅದೇ ಅಲ್ಲವೇ? ಕೆಟ್ಟದ್ದು ನೆನಪಾದ ಕೂಡಲೇ ಅದನ್ನು ಬಿಡಿಸುವ ಮಾತು. ಹಾಗಿದ್ದರೆ ನಮ್ಮೂರಿನಲ್ಲಿ ಈ ವ್ಯವಸ್ಥೆ ಮೊದಲಿನಿಂದಲೂ ಇತ್ತು. ಆದರೆ ಇದ್ದೂ ಹಾಲು ಕಾಲುವೆಗೆ ಹೋಯಿತು. ಒಕ್ಕೂಟದವರ ವ್ಯವಸ್ಥೆ ಇದ್ದಿದ್ದರೆ ಹೋಗುತ್ತಿರಲಿಲ್ಲವೇ? ಅದನ್ನು ಕಲಿಯಲು ಹೋದದ್ದರಿಂದಲೇ ತಾನೇ ನನ್ನ ಫೋನ್ ಆಫ್ ಆಗಿದ್ದದ್ದು? ಯಾವ ಕಡೆಯಿಂದ ಹಿಡಿದರೂ ಎಳೆ ಮತ್ತೆ ಗಂಟಿಗೇ ಬರುತ್ತಿತ್ತು.

"ಪಾಪಕ್ಕ, ಮಂಗಳವಾರ ಒಂದೇ ಒಂದು ಸಲ ಹೇಳಿಬಿಡು. ಡೀಸೆಲ್ ಖಾಲಿ ಅಂತ. ಮೇಡಂ ಕೇಳ್ತಾರೆ, ಹೇಳಿಬಿಟ್ರೆ ಮುಗೀತು."

ಅವಳು ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕಿದಳು.

"ನಮ್ಮ ಕೆಂದ ಹಸು ನೆಪ್ಪೈತಾ ನಿಂಗೆ? ಗಬ್ಬದಾಗಿತ್ತು. ಒಂದಿನ ಮೇವು ತಿನ್ನಲಿಲ್ಲ. ಈ ಸಲ ಇದು ಉಳಿಯಲ್ಲ ಅನ್ಸುತ್ತೆ ಅಂದೆ, ಸುಮ್ನೆ, ಬಾಯಿಗೆ ಬಂತು ಅಂದೆ. ಹಸುನೂ ಓಯ್ತು, ಕರುನೂ ಓಯ್ತು. ನಾನು ಅಂದೆ, ಅವ್ರು ಅಸ್ತು ಅಂದ್ರು." ತೊಟ್ಟಿಯನ್ನು ಕೈಯಿಂದ ತಟ್ಟಿದಳು. "ಇದು ಊರಿನೋರೆಲ್ಲರ ಹಾಲು. ಇದರ ಮುಂದೆ ನಿಂತ್ಕೊಂಡು ಖಾಲಿ ಅಂತ ಎಂಗಪ್ಪ ಅನ್ಲಿ?"

"ಬೀಗದ ಕೈ ಹೋಗುತ್ತಲ್ಲ ಪಾಪಕ್ಕ."

"ಓದ್ರೆ ಬೆಳಿಗ್ಗೆ ಎದ್ದು ಎಲ್ಲಿಗೆ ಓಗ್ಲಿ ನಾನು?" ಎಂದಳು. ನನ್ನನ್ನು ಕೇಳಿದಳೋ ಪಟವನ್ನು ಕೇಳಿದಳೋ ಗೊತ್ತಾಗಲಿಲ್ಲ.

* * *

ಮಂಗಳವಾರ ತ್ರಿವೇಣಿ ಮೇಡಂ ಸ್ಕೂಟರಿನಲ್ಲಿ ಬಂದರು. ನಿರ್ದೇಶಕರೆಲ್ಲ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕುಪ್ಪುಸ್ವಾಮಿ ಡೀಸೆಲ್ ಕ್ಯಾನು ಇಳಿಸಿ, ಬಾಗಿಲಿಗೆ ಒರಗಿ ನಿಂತಿದ್ದ.

ಮೊದಲು ಅಪಾಯಗಳನ್ನು ಓದಿದೆ. ನಾನು ಒಂದೊಂದು ಓದಿದಾಗಲೂ ಹಿಂದೆ ಪಾಪಕ್ಕನ ತುಟಿ ಅಲುಗುತ್ತಿತ್ತು. ಮಾಲೀಕರು ಯಾರು ಎಂಬ ಮಾತು ಬಂದಾಗ ನಿರ್ದೇಶಕರೆಲ್ಲ ಒಟ್ಟಿಗೆ ಕಾಫಿ ಲೋಟ ಎತ್ತಿಕೊಂಡರು.

"ಎಲ್ಲಾ ಸೆಕ್ರೆಟ್ರಿ ಎಸ್ರಿಗೇ ಆಕ್ಬಿಡಿ ಮೇಡಂ. ಅವನಿಗೆ ದೈವಭಕ್ತಿ ಜಾಸ್ತಿ, ತಡ್ಕೋತಾನೆ" ಎಂದರು ಅಶ್ವತ್ಥಪ್ಪನವರು.

"ಅಧ್ಯಕ್ಷರೇ, ಮೊದಲು ಇದನ್ನ ಯಾಕೆ ಮಾಡ್ತಿದೀವಿ ಅಂತ ಎಲ್ಲರಿಗೂ ಗೊತ್ತಿದೆಯಾ?" ಎಂದು ಮೇಡಂ ಕೇಳಿದರು.

"ಗೊತ್ತಿಲ್ದೆ ಏನು ಮೇಡಂ. ಕೆಟ್ಟ ಮೇಲೆ ಯಾರನ್ನ ಬಯ್ಬೇಕು ಅಂತ ಮೊದ್ಲೇ ಗೊತ್ತಾಗಿರ್ಲಿ ಅಂತ."

ಮೇಡಂ ಕಣ್ಣು ಮುಚ್ಚಿ ತೆರೆದರು. ಆಮೇಲೆ ಪಾಪಕ್ಕನ ಕಡೆ ತಿರುಗಿ ಮೆತ್ತಗೆ ಕೇಳಿದರು: "ನೋಡಿ ಅಮ್ಮಾ, ಕರೆಂಟಿಲ್ಲ. ಡೀಸೆಲ್ ಕ್ಯಾನು ನೋಡಿದಿರಿ, ತಳದಲ್ಲೂ ಇಲ್ಲ. ಇವರಿಗೆ ಫೋನ್ ಮಾಡಿದಿರಿ. ಏನಂತೀರಿ?"

ಪಾಪಕ್ಕ ಸೆರಗು ಹೊದ್ದುಕೊಂಡಳು. ಗಂಟಲು ಸರಿ ಮಾಡಿಕೊಂಡಳು. "ಡೀಸೆಲ್ಲು..." ಎಂದಳು. ಮುಂದಿನದು ಬರಲಿಲ್ಲ. ಮತ್ತೆ "ಡೀಸೆಲ್ಲು..." ಎಂದಳು. ತೊಟ್ಟಿಯ ಮೋಟಾರು ಗುಂಯ್ ಎನ್ನುತ್ತಿತ್ತು. ಎಲ್ಲರೂ ಅದನ್ನೇ ಕೇಳಿಸಿಕೊಳ್ಳುತ್ತ ನಿಂತೆವು.

"ಕನ್ನಡದಾಗೆ ಬರಲ್ಲ ಅಂದ್ರೆ ತೆಲುಗ್ನಾಗಾದ್ರೂ ಅನ್ನು. ಅಯಿಪೋಯಿಂದಿ ಅನ್ನು" ಎಂದರು ಅಶ್ವತ್ಥಪ್ಪನವರು.

"ಅಯ್ಯೋ, ದೇವ್ರಿಗೆ ಪದ ಏಳೋದೇ ತೆಲುಗ್ನಾಗೆ!" ಎಂದಳು ಪಾಪಕ್ಕ, ಕೆನ್ನೆ ಕೆನ್ನೆ ಬಡಿದುಕೊಂಡು.

"ಆಯ್ತು ಬಿಡಮ್ಮ. ಬೀಗದ ಕೈ ಕೊಡು."

ಅವಳು ಸೊಂಟದಿಂದ ಬೀಗದ ಕೈ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ಯಾರೂ ಅವಳ ಮುಖ ನೋಡಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಕುಪ್ಪುಸ್ವಾಮಿ ತಡೆಯಲಾರದೆ ಒಳಗೆ ಬಂದ. "ಸಾರ್, ಸಾರ್, ಒಂದ್ನಿಮಿಷ. ಫೋನ್ ಬರೋದು ನಂಗೆ. ತಿಳೀಬೇಕಾದ್ದೂ ನಂಗೆ. ನೀವೆಲ್ಲ ಯಾಕೆ ಸಾರ್ ಒದ್ದಾಡೋದು? ಅಕ್ಕಾ, ತೀಂದು ಪೋಚ್ಚು ಅನ್ನು. ಅಷ್ಟೇ. ನಾನು ಓಡ್ ಬತ್ತೀನಿ."

ಪಾಪಕ್ಕ ಗಂಟಿನಿಂದ ಕೈ ತೆಗೆಯಲಿಲ್ಲ. "ಏನದು?"

"ತಮಿಳು ಅಕ್ಕಾ. ಅದ್ರ ಅರ್ಥ..."

"ಅರ್ಥ ಏಳ್ಬ್ಯಾಡ!" ಎಂದು ಕಿರುಚಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಮಾತು ಮಾತ್ರ ಏಳಪ್ಪ. ಅರ್ಥ ಏಳ್ಬ್ಯಾಡ."

"ತೀಂದು. ಪೋಚ್ಚು."

"ತೀಂದು" ಎಂದಳು ಪಾಪಕ್ಕ. ಮೇಲೆ ನೋಡಿದಳು. ಏನೂ ಆಗಲಿಲ್ಲ. "ಪೋಚ್ಚು."

"ಅದೇ! ಅಷ್ಟು ಅಂದ್ರೆ ಸಾಕು, ಅರ್ಧ ಗಂಟೇಲಿ ಇಲ್ಲಿರ್ತೀನಿ."

ಅಶ್ವತ್ಥಪ್ಪನವರು ನಗಬೇಕೋ ರೇಗಬೇಕೋ ತಿಳಿಯದೆ ನನ್ನನ್ನು ನೋಡಿದರು. "ಏನ್ಲಾ ಇದು ನಾಟಕ? ಈಯಮ್ಮನಿಗೆ ತಮಿಳು ಬರಲ್ವಾ? ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ನಾಗೆ ತಮಿಳಲ್ಲೇ ಚೌಕಾಸಿ ಮಾಡ್ತಾಳೆ, ನಾನೇ ನೋಡಿವ್ನಿ!"

"ಬದನೆಕಾಯಿ ಕೊಳ್ಳೋ ಅಷ್ಟು ಬರುತ್ತೆ ಅಣ್ಣ" ಎಂದಳು ಪಾಪಕ್ಕ. "ಅದಕ್ಕಿಂತ ಮ್ಯಾಲಿಂದು ನಂಗೊತ್ತಿಲ್ಲ. ನೀವೂ ಏಳ್ಬೇಡಿ."

"ದೇವತೆಗಳಿಗೆ ತಮಿಳು ಬರಲ್ವೇನಮ್ಮ?"

"ಬರುತ್ತೆ ಸಾರ್" ಎಂದ ಕುಪ್ಪುಸ್ವಾಮಿ. "ಆದ್ರೆ ಅವರು ನಮ್ಮ ಗಣಿ ಕಾರ್ಮಿಕರ ಲೈನ್‌ಮನೆಗಳ ಕಡೆ ಬಿಜಿ ಇರ್ತಾರೆ. ಅಲ್ಲಿ ದಿನಾ ಎಲ್ಲಾ ತೀಂದು ಪೋಚ್ಚೇ."

ಮೊದಲು ನಕ್ಕದ್ದು ತ್ರಿವೇಣಿ ಮೇಡಂ. ಆಮೇಲೆ ಎಲ್ಲರೂ ನಕ್ಕರು. ನಗು ನಿಂತ ಮೇಲೆ ಮೇಡಂ, "ಅಧ್ಯಕ್ಷರೇ, ವ್ಯವಸ್ಥೆ ಕೇಳೋದು ಒಂದೇ. ತಿಳಿಸಬೇಕಾದವರಿಗೆ ಹೊತ್ತಿಗೆ ಸರಿಯಾಗಿ ತಿಳೀಬೇಕು. ಯಾವ ಭಾಷೇಲಿ ಅಂತ ಎಲ್ಲೂ ಇಲ್ಲ" ಎಂದರು. ಅಶ್ವತ್ಥಪ್ಪನವರು ಕಾಫಿ ಮುಗಿಸಿದರು, ಲೋಟ ಕೆಳಗಿಟ್ಟರು, ತಮ್ಮನ ಮನೆಯ ದಿಕ್ಕಿಗೆ ಒಮ್ಮೆ ನೋಡಿದರು. "ಊರೇ ನಗೋ ಅಂಗಾಯ್ತು. ಇರ್ಲಿ ಬಿಡಿ" ಎಂದರು.

ಹೀಗೆ ನಮ್ಮ ಸಂಘ ರಿಸ್ಕ್ ಮ್ಯಾನೇಜ್‌ಮೆಂಟ್ ವ್ಯವಸ್ಥೆಯನ್ನು ಅಳವಡಿಸಿಕೊಂಡಿತು. ಒಕ್ಕೂಟ ಹೇಳಿದ್ದಕ್ಕೋ, ಬ್ಯಾಂಕಿಗಾಗಿಯೋ, ಹಾಲು ಕೆಟ್ಟದ್ದಕ್ಕೋ, ಪಾಪಕ್ಕನನ್ನು ತೆಗೆಯಲಿಕ್ಕೋ, ಉಳಿಸಿಕೊಳ್ಳಲಿಕ್ಕೋ, ಯಾರಾದರೂ ಕೇಳಿದರೆ ನಾನು ಏನು ಹೇಳಬೇಕೆಂದು ಇವತ್ತಿಗೂ ತಿಳಿದಿಲ್ಲ. ಬಿಚ್ಚಲು ಹೊರಟ ಗಂಟನ್ನು ಪಾಪಕ್ಕ ಮತ್ತೆ ಬಿಗಿದುಕೊಂಡಳು. ಅದನ್ನು ಮಾತ್ರ ಕಣ್ಣಾರೆ ಕಂಡೆ.

* * *

ಮುಂದಿನ ವಾರ ಹಾಲು ಅಳೆಯುತ್ತಿದ್ದ ಹಾಗೇ ಕರೆಂಟು ಹೋಯಿತು. ಜನರೇಟರ್ ಹಾಕಿ ಬಂದ ಪಾಪಕ್ಕ ಕ್ಯಾನು ಅಲ್ಲಾಡಿಸಿ ನೋಡಿದಳು. ಫೋನ್ ತೆಗೆದು, ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿಗೆ "ತೀಂದು ಪೋಚ್ಚು" ಎಂದು ಹೇಳಿ ಇಟ್ಟುಬಿಟ್ಟಳು. ಅರ್ಧ ಗಂಟೆಯೊಳಗೆ ಆಟೋ ಬಂತು. ಕುಪ್ಪುಸ್ವಾಮಿ ಕ್ಯಾನು ಇಳಿಸಿ ಗಡಿಬಿಡಿಯಲ್ಲಿ ಹೊರಟುಹೋದ. ಹಾಲು ತಣ್ಣಗೇ ಉಳಿಯಿತು. ಟ್ಯಾಂಕರಿನವನು ಮೂಸಿ ನೋಡಿ ತಲೆದೂಗಿದ.

ಸಂಜೆ ಕುಪ್ಪುಸ್ವಾಮಿಯೇ ಫೋನ್ ಮಾಡಿದ. ಪಾಪಕ್ಕ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ಬಂಕ್ ಹತ್ರ ಇದೀನಿ. ಆ ಕಡೆ ಒಂದು ಲೋಡ್ ಐತೆ. ಟ್ಯಾಂಕಿಗೆ ಉಯ್ದ್ರಾ? ಈಗ ಎಂಗೈತೆ ಡೀಸೆಲ್?"

ಜನರೇಟರಿನ ಟ್ಯಾಂಕು ಕಂಠಮಟ್ಟ ಇತ್ತು. ಕ್ಯಾನಿನಲ್ಲೂ ಇತ್ತು. ಪಾಪಕ್ಕ ಬಾಯಿ ತೆರೆದಳು. "ತುಂ..." ಎಂದು ನಿಲ್ಲಿಸಿದಳು. ಆ ಮಾತು ಕೆಲಸಕ್ಕೆ ಬರುವುದಿಲ್ಲ. ತುಂಬಿದೆ ಎಂದರೆ ಅವಳ ಬಾಯಲ್ಲಿ ಮುಗಿದಿದೆ ಎಂದು ಈಗ ಕುಪ್ಪುಸ್ವಾಮಿಗೂ ಗೊತ್ತು.

"ಐತೆ" ಎಂದಳು.

"ಐತೆ ಅಂದ್ರೆ? ತರ್ಲಾ, ಬ್ಯಾಡ್ವಾ?"

"ಐತಪ್ಪಾ, ಐತೆ..." ಅವಳು ದಿಕ್ಕು ತೋಚದೆ ಫೋನನ್ನು ನನ್ನ ಕೈಗೆ ತುರುಕಿದಳು. "ನೀನೇ ಏಳು. ಎಲ್ಲಾದಕ್ಕೂ ಮಾಲೀಕ ನೀನೇ ಅಲ್ವಾ?"

ಹೊತ್ತು ಮುಳುಗುತ್ತಿತ್ತು. ಪಾಪಕ್ಕ ಆಗಷ್ಟೇ ಪಟದ ಮುಂದೆ ದೀಪ ಹಚ್ಚಿದ್ದಳು. ದೀಪ ಹಚ್ಚಿದ ಹೊತ್ತಿನಲ್ಲಿ, ತರುತ್ತೇನೆ ಎಂದು ತಾನಾಗಿ ಕೇಳುತ್ತಿರುವ ಮನುಷ್ಯನಿಗೆ 'ಬೇಡ, ಬರಬೇಡ' ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಎರಡು ಸಲ ಪ್ರಯತ್ನಿಸಿದೆ. ಬೇಡ ಎನ್ನುವ ಬದಲು ನಮ್ಮಮ್ಮ ಹೇಳುತ್ತಿದ್ದ ಮಾತೇ ಬಾಯಿಗೆ ಬಂತು.

"ನಾಳೆ ಬಾ ಕುಪ್ಪುಸ್ವಾಮಿ" ಎಂದೆ.

"ಸರಿ ಸಾರ್" ಎಂದ ಅವನು.

ಮಾರನೆಯ ಬೆಳಿಗ್ಗೆ ಹಾಲು ತುಂಬಿದ ಕ್ಯಾನುಗಳ ಸಾಲಿನ ಪಕ್ಕಕ್ಕೆ ಅವನ ಆಟೋ ಬಂದು ನಿಂತಿತು. ಹಿಂದೆ ಡೀಸೆಲ್ ಕ್ಯಾನುಗಳಿದ್ದವು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಇಷ್ಟೊಂದು ಯಾಕೋ ತಂದೆ?" ಎಂದೆ.

"ನೀವೇ ಅಲ್ವಾ ಸಾರ್ ಬಾ ಅಂದಿದ್ದು?"

ಪಾಪಕ್ಕ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಸೊಂಟದಿಂದ ಬೀಗದ ಕೈ ತೆಗೆದು, ಹೊಸ ಕ್ಯಾನುಗಳಿಗೆ ಜಾಗ ಮಾಡಲು ಒಳಗೆ ಹೋದಳು.